ಗಾಲಿ ಮೇಲಿನ ಸಂಸಾರಕ್ಕೆ ಒಂದು ರಾತ್ರಿಯ ವಸ್ತಿ

1820ರ ಸೆಪ್ಟೆಂಬರಿನಲ್ಲಿ ಲಂಡನ್ ಮಿಷನರಿ ಸೊಸೈಟಿಯ ಪಾದ್ರಿ ಜೋಸೆಫ್ ಟೇಲರ್ ಬಳ್ಳಾರಿ ಬಿಟ್ಟು ಬೆಳಗಾವಿಗೆ ಬಂದರು. ಪೇಶ್ವೆಗಳ ಕೈಲಿದ್ದ ಬೆಳಗಾವಿ ಕೋಟೆ ಇಂಗ್ಲಿಷರ ವಶವಾಗಿ ಆಗ ಎರಡೇ ವರ್ಷ. ಟೇಲರ್ ಅವರದು ಮದುವೆಯಾದ ಸಂಸಾರ. ಮನೆಯಲ್ಲಿ ಅದೇ ವರ್ಷ ಬಳ್ಳಾರಿಯಲ್ಲಿ ಹುಟ್ಟಿದ ಕೂಸಿತ್ತು. ಆ ಕೂಸೇ ಮುಂದೆ ಗುಜರಾತಿಗೆ ಹೋಗಿ ಗುಜರಾತಿ ಭಾಷೆಗೆ ವ್ಯಾಕರಣ ಬರೆದ ಜೋಸೆಫ್ ವಾನ್ ಸೋಮರನ್ ಟೇಲರ್. ಬಳ್ಳಾರಿಯಿಂದ ಬೆಳಗಾವಿಗೆ ಇವತ್ತಿನ ಬಸ್ಸು ಒಂದು ಹಗಲಿನಲ್ಲಿ ಬರುತ್ತದೆ. ಆಗ ರೈಲಿರಲಿಲ್ಲ, ಡಾಂಬರು ರಸ್ತೆ ಇರಲಿಲ್ಲ. ಎತ್ತಿನ ಬಂಡಿ, ಮೇನೆ, ಕುದುರೆ ಇಷ್ಟೇ. ಹೊಳೆ ಬಂದರೆ ಹರಿಗೋಲು. ಕತ್ತಲಾದಲ್ಲಿ ಬಿಡಾರ.

ಬಸ್ಸನ್ನೇ ಮನೆ ಮಾಡಿಕೊಂಡು ಊರಿಂದ ಊರಿಗೆ ತಿರುಗುವ ಕ್ರೈಸ್ತ ದಂಪತಿಗಳ ಬಗ್ಗೆ ಬರೆಯಬೇಕೆಂದಾಗ ನನಗೆ ಮೊದಲು ನೆನಪಾದದ್ದು ಈ ಸಂಸಾರ. ಅಮೆರಿಕ, ಯುರೋಪಿನಲ್ಲಿ ಹಳೆಯ ಶಾಲಾ ಬಸ್ಸಿನ ಸೀಟು ಕಿತ್ತು, ಮಂಚ, ಒಲೆ, ನೀರಿನ ತೊಟ್ಟಿ ಕೂಡಿಸಿ ಬದುಕುವ ಜೋಡಿಗಳ ಚಿತ್ರಗಳು ಈಗ ಎಲ್ಲರ ಮೊಬೈಲಿನಲ್ಲೂ ಇವೆ. ನಮ್ಮಲ್ಲೂ ಹುಡುಗ ಹುಡುಗಿಯರು ಕಾರು, ಟೆಂಪೊ ತಿದ್ದಿಕೊಂಡು ದೇಶ ಸುತ್ತುತ್ತಿದ್ದಾರೆ. ಅವರಲ್ಲಿ ದೇವರ ಹೆಸರಿನಲ್ಲೇ ದಾರಿ ಹಿಡಿದವರಿದ್ದಾರೆ. ಭಾನುವಾರ ಎಲ್ಲಿರುತ್ತೇವೋ ಅಲ್ಲಿನ ಇಗರ್ಜಿಗೆ ಹೋಗುತ್ತೇವೆ ಎಂದು ಹೊರಟವರಿದ್ದಾರೆ. ಇದನ್ನು ಹೊಸ ಕಾಲದ ಚಟವೆಂದು ತಳ್ಳಿಹಾಕುವವರು ಬೆಳಗಾವಿ ಸೀಮೆಯ ಚರಿತ್ರೆಯನ್ನು ಒಮ್ಮೆ ನೋಡಬೇಕು. ಗಾಲಿಯ ಮೇಲೆ ಗಂಡ ಹೆಂಡತಿ ಸಂಸಾರ ಹೂಡುವುದು ಈ ಮಣ್ಣಿಗೆ ಹೊಸದಲ್ಲ, ಆ ಗಂಡ ಹೆಂಡತಿ ಕ್ರೈಸ್ತರಾಗಿರುವುದೂ ಹೊಸದಲ್ಲ.

ಬೆಳಗಾವಿಯ ಮಗ್ಗುಲಿನ ಸಾಂಬ್ರಾ ದಾರಿಗಳ ಊರು. ಎರಡನೇ ಮಹಾಯುದ್ಧದ ನಡುವೆ, 1942ರಲ್ಲಿ, ಬ್ರಿಟಿಷ್ ವಾಯುಪಡೆ ಇಲ್ಲಿ ವಿಮಾನ ನಿಲ್ದಾಣ ಕಟ್ಟಿತು. ಇವತ್ತಿಗೂ ಭಾರತೀಯ ವಾಯುಪಡೆಯ ತರಬೇತಿ ಇಲ್ಲಿ ನಡೆಯುತ್ತದೆ. ಊರಿನ ಮುಂದಿನ ರಸ್ತೆ ಪೂರ್ವಕ್ಕೆ ಬಾಗಲಕೋಟೆಗೆ ಹೋಗುತ್ತದೆ. ಪಶ್ಚಿಮಕ್ಕೆ ಹತ್ತು ಹನ್ನೊಂದು ಕಿಲೋಮೀಟರ್ ಹೋದರೆ ಬೆಳಗಾವಿ, ಅಲ್ಲಿ ಪುಣೆ–ಬೆಂಗಳೂರು ಹೆದ್ದಾರಿ. ಬೆಳಗಾವಿಯಿಂದ ದಕ್ಷಿಣಕ್ಕೆ ತಿರುಗಿದರೆ ಖಾನಾಪುರ, ಲೋಂಡಾ, ಅನಮೋಡ ಘಟ್ಟ, ಅದರ ಕೆಳಗೆ ಗೋವಾ. ಜಾಂಬೋಟಿ, ಕಣಕುಂಬಿ ಮೇಲಿಂದ ಹೋಗುವವರಿಗೆ ಚೋರ್ಲಾ ಘಟ್ಟ. ದಖ್ಖನಿನಿಂದ ಕಡಲಿಗೆ ಇಳಿಯುವ ಗಾಡಿಗಳಿಗೆ ಈ ಸೀಮೆ ಬಾಗಿಲಿದ್ದ ಹಾಗೆ. ಗಾಡಿಯಲ್ಲೇ ಮಲಗುವವರಿಗೆ ಘಟ್ಟ ಇಳಿಯುವ ಮುಂಚಿನ ರಾತ್ರಿ ಇಲ್ಲೇ ಕಳೆಯಬೇಕಾಗುತ್ತದೆ.

ಮಿಷನರಿಗಳ ಕಾಲದ ತಿರುಗಾಟಕ್ಕೆ ಒಂದು ಋತುಮಾನವಿತ್ತು. ಮಳೆಗಾಲವಿಡೀ ಠಾಣ್ಯದಲ್ಲಿದ್ದು ಶಾಲೆ, ಭಾಷಾಭ್ಯಾಸ, ಪುಸ್ತಕದ ಕೆಲಸ. ಮಳೆ ನಿಂತು ಹಾದಿ ಒಣಗಿದ ಮೇಲೆ ಬಂಡಿಗೆ ಗುಡಾರ, ಪಾತ್ರೆ, ಪುಸ್ತಕ ಹೇರಿ ಹಳ್ಳಿ, ಸಂತೆ, ಜಾತ್ರೆ. ಗಂಡ ಕಟ್ಟೆಯ ಮೇಲೆ ನಿಂತು ಮಾತನಾಡಿದರೆ, ಗಂಡಸರಿಗೆ ಪ್ರವೇಶವಿಲ್ಲದ ಒಳಮನೆಗಳಿಗೆ ಹೆಂಡತಿ ಹೋಗುತ್ತಿದ್ದಳು. ಜ್ವರಕ್ಕೆ ಔಷಧಿ ಕೊಡುವುದು, ಹೆಣ್ಣುಮಕ್ಕಳಿಗೆ ಅಕ್ಷರ ಕಲಿಸುವುದು ಹೆಚ್ಚಾಗಿ ಅವಳ ಪಾಲು. ಇಷ್ಟಾದರೂ ಮಿಷನ್ನಿನ ವರದಿಗಳಲ್ಲಿ ಗಂಡನ ಹೆಸರು ಪೂರ್ತಿ ಸಿಗುತ್ತದೆ. ಹೆಂಡತಿ ಬಹುಮಟ್ಟಿಗೆ ಬರೀ ‘ಶ್ರೀಮತಿ’. ಇದು ನನ್ನನ್ನು ಬಹಳ ನೋಯಿಸುತ್ತದೆ. ಗುಡಾರದ ಅರ್ಧ ಭಾರ ಹೊತ್ತವಳ ಹೆಸರು ಬರೆಯಲು ಒಂದು ಸಾಲು ಸಾಕಿತ್ತು.

ಬೆಳಗಾವಿಯ ಲಂಡನ್ ಮಿಷನ್ 1904ರಲ್ಲಿ ಮೆಥಡಿಸ್ಟರ ಕೈಗೆ ಬಂತು. ಟೇಲರ್ ಅವರ ನಂತರ ಬಂದು ಇಲ್ಲಿ ದುಡಿದ ವಿಲಿಯಂ ಬೆನನ್ ಅವರ ಹೆಸರು ಬೆನನ್ ಸ್ಮಿತ್ ಶಾಲೆಯಲ್ಲಿ ಇವತ್ತಿಗೂ ಉಳಿದಿದೆ. ಇತ್ತ ಧಾರವಾಡ, ಹುಬ್ಬಳ್ಳಿ, ಗದಗ–ಬೆಟಗೇರಿ ಕಡೆ ದುಡಿದ ಬಾಸೆಲ್ ಮಿಷನ್ನಿನವರದು ಇನ್ನೂ ಕಠಿಣ ಕಟ್ಟಳೆ. ಸಮಿತಿಯ ಅಪ್ಪಣೆಯಿಲ್ಲದೆ ಮಿಷನರಿ ಮದುವೆಯಾಗುವಂತಿರಲಿಲ್ಲ. ಅಪ್ಪಣೆ ಸಿಕ್ಕ ಮೇಲೆ ಎಷ್ಟೋ ಹೆಣ್ಣುಮಕ್ಕಳು ಮುಖವನ್ನೇ ನೋಡದ ವರನಿಗಾಗಿ ಜರ್ಮನಿ, ಸ್ವಿಟ್ಜರ್ಲೆಂಡಿನಿಂದ ಹಡಗು ಹತ್ತಿ ಬಂದರು. ಬಂದು ಇಳಿದ ನೆಲದ ಭಾಷೆ ಗೊತ್ತಿಲ್ಲ, ಗಂಡನೂ ಹೊಸಬ, ಮನೆಯೆಂಬುದು ಅರ್ಧ ವರ್ಷ ಬಂಡಿಯ ಮೇಲೆ. ನಿಘಂಟು ಕಟ್ಟಿದ ಕಿಟೆಲ್ ಅವರ ಮೊದಲ ಹೆಂಡತಿ ಪೌಲಿನಾ ಈ ನೆಲದಲ್ಲೇ ತೀರಿಕೊಂಡರು. ಆಮೇಲೆ ಆಕೆಯ ತಂಗಿ ಜೂಲಿ ಆ ಸಂಸಾರಕ್ಕೆ ಬಂದರು. ಕನ್ನಡದ ಪದಗಳನ್ನು ಹುಡುಕಿ ತಿರುಗಿದವನ ಹಿಂದೆ ಇಬ್ಬರು ಅಕ್ಕತಂಗಿಯರ ಬದುಕಿತ್ತು.

ಕ್ರೈಸ್ತ ಧರ್ಮದ ಮೊದಲ ದಿನಗಳಿಗೇ ಹೋದರೂ ಇಂಥ ಜೋಡಿ ಸಿಗುತ್ತದೆ. ಬೈಬಲ್ಲಿನ ಅಪೊಸ್ತಲರ ಕೃತ್ಯಗಳಲ್ಲಿ ಬರುವ ಅಕ್ವಿಲ ಮತ್ತು ಪ್ರಿಸ್ಕಿಲ್ಲ. ರೋಮಿನಿಂದ ಯೆಹೂದ್ಯರನ್ನು ಚಕ್ರವರ್ತಿ ಕ್ಲೌದಿಯ ಹೊರಹಾಕಿದಾಗ ಈ ಗಂಡಹೆಂಡತಿ ಕೊರಿಂಥಕ್ಕೆ ಬಂದರು, ಅಲ್ಲಿಂದ ಎಫೆಸಕ್ಕೆ ಹೋದರು, ಮುಂದೆ ರೋಮಿಗೆ ಮರಳಿದರು. ಹೊಟ್ಟೆಪಾಡಿಗೆ ಅವರು ಮಾಡುತ್ತಿದ್ದ ಕೆಲಸ ಗುಡಾರ ಹೊಲಿಯುವುದು. ಸಂತ ಪೌಲನೂ ಅದೇ ಕಸುಬಿನವನಾದ್ದರಿಂದ ಅವರ ಮನೆಯಲ್ಲೇ ಉಳಿದು ಜೊತೆಗೂಡಿ ದುಡಿದ. ಅವರ ಹೆಸರು ಬರುವಲ್ಲೆಲ್ಲ ಇಬ್ಬರೂ ಒಟ್ಟಿಗೇ ಬರುತ್ತಾರೆ, ಹಲವು ಕಡೆ ಹೆಂಡತಿಯ ಹೆಸರೇ ಮೊದಲು. ಹೊತ್ತಗೆಯಲ್ಲಿ ಅವಳಿಗೆ ಸಿಕ್ಕ ಜಾಗ ಹದಿನೆಂಟು ಶತಮಾನದ ನಂತರದ ಮಿಷನ್ ವರದಿಗಳಲ್ಲಿ ಅವಳ ಸೋದರಿಯರಿಗೆ ಸಿಗಲಿಲ್ಲ.

ಬಸ್ಸು ಮನೆಯಾದ ಕಥೆಯಲ್ಲೂ ಇಗರ್ಜಿಯ ಹಾಡಿನ ಪಾಲಿದೆ. ಅಮೆರಿಕದ ಬ್ಲ್ಯಾಕ್‌ವುಡ್ ಬ್ರದರ್ಸ್ ಎಂಬ ಭಕ್ತಿಗೀತೆ ತಂಡದ ಇಬ್ಬರು 1954ರ ಜೂನ್ 30ರಂದು ಅಲಬಾಮಾದ ಕ್ಲಾಂಟನ್‌ನಲ್ಲಿ ವಿಮಾನ ದುರಂತದಲ್ಲಿ ಸತ್ತರು. ಉಳಿದವರು ವಿಮಾನ ಬಿಟ್ಟು ಬಸ್ಸು ಹಿಡಿದರು. ತಂಡಕ್ಕೆ ಹೊಸದಾಗಿ ಸೇರಿದ ಜೆ. ಡಿ. ಸಮ್ನರ್ ಮುತುವರ್ಜಿಯಿಂದ ಆ ಬಸ್ಸಿನಲ್ಲಿ ಮಲಗುವ ಏರ್ಪಾಡಾಯಿತು. ಇವತ್ತು ಹಾಡುಗಾರರು ಬಳಸುವ ಮಲಗುವ ಬಸ್ಸುಗಳಿಗೆ ಅದೇ ಮೂಲವೆಂದು ಹೇಳುತ್ತಾರೆ. 1960ರ ದಶಕದಲ್ಲಿ ಜಾರ್ಜ್ ವರ್ವರ್ ಕಟ್ಟಿದ ಆಪರೇಷನ್ ಮೊಬಿಲೈಸೇಷನ್ ಸಂಸ್ಥೆಯ ಯುವಕರು ಯುರೋಪಿನಿಂದ ಹಳೆಯ ಲಾರಿಗಳನ್ನು ನೆಲದ ಹಾದಿಯಲ್ಲೇ ಓಡಿಸಿಕೊಂಡು ಭಾರತಕ್ಕೆ ಬಂದು, ಆ ಲಾರಿಗಳಲ್ಲೇ ಮಲಗುತ್ತ ಪುಸ್ತಕ ಮಾರುತ್ತ ತಿರುಗಿದರು. 1979ರಲ್ಲಿ ಇರಾನಿನ ಕ್ರಾಂತಿ, ಅದೇ ವರ್ಷದ ಕೊನೆಗೆ ಅಫ್ಘಾನಿಸ್ತಾನಕ್ಕೆ ಸೋವಿಯತ್ ಸೈನ್ಯ. ಅಲ್ಲಿಗೆ ಆ ಹಾದಿಯ ಸುಗಮ ದಿನಗಳು ಮುಗಿದವು.

ಇಷ್ಟು ಹಿನ್ನೆಲೆ ಸಾಕು. ನಮ್ಮ ಕಡೆಯ ಒಂದು ಜೋಡಿ ನಿಜವಾಗಿ ಬಸ್ಸಿನಲ್ಲಿ ಬಾಳಬೇಕೆಂದರೆ ಏನೇನು ಎದುರಾಗುತ್ತದೆ?

ಮೊದಲನೆಯದು ಜಾಗ. ಹನ್ನೆರಡು ಮೀಟರ್ ಉದ್ದ, ಎರಡೂವರೆ ಮೀಟರ್ ಅಗಲದ ದೊಡ್ಡ ಬಸ್ಸಿನ ಹೊರಮೈ ಅಳತೆಯೇ 30 ಚದರ ಮೀಟರ್. ಚಾಲಕನ ಜಾಗ, ಗೋಡೆಯ ದಪ್ಪ, ಗಾಲಿಯ ಉಬ್ಬು ಕಳೆದರೆ ಬದುಕಲು ಉಳಿಯುವುದು ಒಂದು ಪಡಸಾಲೆಯಷ್ಟು. ಇಬ್ಬರು ಬಿಗಿಹಿಡಿದು ಬಳಸಿದರೂ ದಿನಕ್ಕೆ 40 ಲೀಟರ್ ನೀರು ಬೇಕು. 200 ಲೀಟರಿನ ತೊಟ್ಟಿ ಐದು ದಿನ ಬರುತ್ತದೆ, ಅದರ ನೀರಿನ ತೂಕವೇ 200 ಕಿಲೋ. ಚಾವಣಿಯ ಮೇಲೆ 400 ವಾಟ್ ಸೌರಫಲಕ ಇಟ್ಟರೆ ಬಯಲುಸೀಮೆಯ ಬಿಸಿಲಿಗೆ ದಿನಕ್ಕೆ ಒಂದೂವರೆ ಎರಡು ಯೂನಿಟ್ ವಿದ್ಯುತ್: ಫ್ಯಾನು, ದೀಪ, ಫೋನು, ಸಣ್ಣ ಫ್ರಿಜ್ಜಿಗೆ ಸಾಕು. ಖಾನಾಪುರದ ಮಳೆಗಾಲದಲ್ಲಿ ಅದೂ ಸಿಗದು. ಕಣಕುಂಬಿ, ಆಮಗಾಂವ ರಾಜ್ಯದಲ್ಲೇ ಅತಿ ಹೆಚ್ಚು ಮಳೆ ಸುರಿಯುವ ಊರುಗಳ ಸಾಲಿನವು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತಗಡಿನ ಗೂಡಿನಲ್ಲಿ ಬಟ್ಟೆ ಒಣಗುವುದಿಲ್ಲ, ಹಾಸಿಗೆಗೆ ಬೂಷ್ಟು ಹಿಡಿಯುತ್ತದೆ. ಹಳೆಯ ಪಾದ್ರಿಗಳು ಮಳೆಗಾಲದಲ್ಲಿ ಠಾಣ್ಯ ಬಿಡದಿದ್ದದ್ದು ಸುಮ್ಮನೆ ಅಲ್ಲ.

ಕಾಯ್ದೆಯ ಮಾತು ಇನ್ನೂ ಗಟ್ಟಿ. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನಂತೆ, ತಯಾರಕರು ಕೊಟ್ಟ ವಿವರಕ್ಕಿಂತ ಬೇರೆಯಾಗುವ ಹಾಗೆ ಗಾಡಿಯನ್ನು ಮನಬಂದಂತೆ ಬದಲಿಸುವಂತಿಲ್ಲ. ಕೇರಳದ ಕಣ್ಣೂರಿನಲ್ಲಿ 2021ರ ಆಗಸ್ಟಿನಲ್ಲಿ ತಿರುಗಾಟದ ಗಾಡಿಯೊಂದನ್ನು ಸಾರಿಗೆ ಇಲಾಖೆ ಹಿಡಿದು 42 ಸಾವಿರ ರೂಪಾಯಿ ಮೀರಿದ ದಂಡ ಹಾಕಿದ್ದು ದೊಡ್ಡ ಸುದ್ದಿಯಾಗಿತ್ತು. ನಿಯಮದೊಳಗೇ ಒಂದು ದಾರಿಯಿದೆ. ಮೋಟಾರು ಕ್ಯಾರವಾನ್ ಎಂಬ ವರ್ಗಕ್ಕೆ ಕಾನೂನಿನ ಮನ್ನಣೆಯಿದೆ. ಕೂರುವ ಆಸನ ಮತ್ತು ಮೇಜು, ಮಲಗುವ ಏರ್ಪಾಟು, ಅಡುಗೆಯ ಸೌಕರ್ಯ, ಸಾಮಾನು ಇಡುವ ಜಾಗ ಇವೆಲ್ಲ ಗಾಡಿಗೆ ಬಿಗಿಯಾಗಿ ಜೋಡಿಸಿರಬೇಕು. ಮೊದಲೇ ಆರ್‌ಟಿಒ ಕಚೇರಿಗೆ ಹೋಗಿ, ಮಂಜೂರಾತಿ ಪಡೆದ ಮೇಲೆಯೇ ಸುತ್ತಿಗೆ ಎತ್ತಬೇಕು, ಕೆಲಸ ಮುಗಿದ ಮೇಲೆ ಬದಲಾವಣೆಯನ್ನು ಆರ್‌ಸಿ ಪುಸ್ತಕದಲ್ಲಿ ಬರೆಸಿಕೊಳ್ಳಬೇಕು. 7,500 ಕಿಲೋ ಮೀರಿದ ಬಸ್ಸಿಗೆ ಕಾರಿನ ಲೈಸೆನ್ಸ್ ನಡೆಯದು. ಭಾರಿ ವಾಹನದ್ದೇ ಬೇಕು. ಇಬ್ಬರೂ ಅದನ್ನು ಪಡೆಯುವುದು ಒಳ್ಳೆಯದು ಎಂದು ನಾನು ಖಂಡಿತವಾಗಿ ಹೇಳುತ್ತೇನೆ. ಘಟ್ಟದ ನಡುವೆ ಒಬ್ಬರಿಗೆ ಜ್ವರ ಬಂದರೆ ಇನ್ನೊಬ್ಬರು ಸ್ಟೇರಿಂಗ್ ಹಿಡಿಯಬೇಕಲ್ಲ.

ಇದೆಲ್ಲಕ್ಕಿಂತ ಕಷ್ಟದ್ದು ಇಬ್ಬರ ನಡುವಿನದು. ಮನೆಯಲ್ಲಿ ಮಾತು ಬೆಳೆದರೆ ಒಬ್ಬರು ಅಂಗಳಕ್ಕೆ ಹೋಗಬಹುದು, ತವರಿಗೆ ಹೋಗಬಹುದು, ಪಕ್ಕದ ಮನೆಯ ಕಾಕಿಯ ಹತ್ತಿರ ಕೂತು ಚಹಾ ಕುಡಿದು ಬರಬಹುದು. ಬಸ್ಸಿನಲ್ಲಿ ಮುನಿಸಿಗೆ ಕೋಣೆಯೇ ಇಲ್ಲ. ಮುನಿದ ಮುಖದ ಪಕ್ಕದಲ್ಲೇ ಕೂತು ನೂರು ಕಿಲೋಮೀಟರ್ ಓಡಿಸಬೇಕು. ನಂಬಿಕೆಯುಳ್ಳ ಜೋಡಿಗೆ ಇಲ್ಲೊಂದು ಆಸರೆಯಿದೆ: ಬೆಳಿಗ್ಗೆ ಸಂಜೆ ಒಟ್ಟಿಗೆ ಮಾಡುವ ಪ್ರಾರ್ಥನೆ. ಸೂರ್ಯ ಮುಳುಗುವ ಮುಂಚೆ ಸಿಟ್ಟು ತೀರಲಿ ಎಂದು ಬೈಬಲ್ಲು ಕಲಿಸಿದ ಪಾಠ ಇಷ್ಟು ಇಕ್ಕಟ್ಟಿನಲ್ಲಿ ನಿತ್ಯದ ಅಗತ್ಯವಾಗುತ್ತದೆ. ಆದರೆ ಪ್ರಾರ್ಥನೆ ಮಾತುಕತೆಯ ಬದಲಿಗೆ ಬರಬಾರದು. ಮನಸ್ಸಿನ ಕಹಿಯನ್ನು ದೇವರ ಮುಂದಿಟ್ಟು ಹೆಂಡತಿಯಿಂದ ಬಚ್ಚಿಡುವವನು ಯಾವ ಗಾಡಿಯಲ್ಲೂ ಬಹಳ ದೂರ ಹೋಗಲಾರ.

ಇನ್ನು ಭಾನುವಾರ. ವಿಳಾಸವಿಲ್ಲದವರಿಗೆ ಪಾದ್ರಿ ಯಾರು? ಕ್ಯಾಥೊಲಿಕ್ ಸಭೆ ಈ ಪ್ರಶ್ನೆಯನ್ನು ಯೋಚಿಸಿ ಉತ್ತರ ಬರೆದಿಟ್ಟಿದೆ. 1983ರ ಸಭಾ ಕಾನೂನು ಸಂಹಿತೆಯ 107ನೇ ವಿಧಿಯಂತೆ, ನೆಲೆಯಿಲ್ಲದೆ ತಿರುಗುವವರು ಯಾವ ಊರಿನಲ್ಲಿ ಇದ್ದಾರೋ ಆ ಊರಿನ ಪಾದ್ರಿಯೇ ಅವರ ಪಾದ್ರಿ. ಅಂದರೆ ಇವತ್ತು ಖಾನಾಪುರದಲ್ಲಿ ಗಾಡಿ ನಿಲ್ಲಿಸಿದವರ ಹೊಣೆ ಖಾನಾಪುರದ ಗುರುಗಳದು, ನಾಳೆ ಕಾರವಾರದವರದು. ನನಗೆ ಈ ವಿಧಿ ಬಹಳ ದೊಡ್ಡದಾಗಿ ಕಾಣುತ್ತದೆ. ನೆಲೆಯಿಲ್ಲದವನನ್ನು ಸರ್ಕಾರದ ಎಲ್ಲ ಅರ್ಜಿಗಳೂ ಕಾಯಂ ವಿಳಾಸ ಕೇಳಿ ಹೊರಗೆ ನಿಲ್ಲಿಸುತ್ತವೆ. ಇಲ್ಲಿ, ನಿಂತ ನೆಲವೇ ನಿನ್ನದು ಎಂಬ ತೀರ್ಮಾನವಿದೆ. 1953ರಲ್ಲಿ ಸ್ಥಾಪನೆಯಾದ ಬೆಳಗಾವಿ ಧರ್ಮಪ್ರಾಂತಕ್ಕೆ ತಿರುಗಾಡುವ ಭಕ್ತರ ಪರಿಚಯವೂ ಇದೆ. ಸಂತ ಫ್ರಾನ್ಸಿಸ್ ಕ್ಸೇವಿಯರ್ ಹಬ್ಬಕ್ಕೆ, ಡಿಸೆಂಬರ್ 3ಕ್ಕೆ ಮುಟ್ಟುವಂತೆ, ಈ ಭಾಗದ ಜನ ಹಳೆ ಗೋವಾಕ್ಕೆ ನಡೆದು ಹೋಗುತ್ತಾರೆ. 2024ರ ನವೆಂಬರ್ 21ರಿಂದ 2025ರ ಜನವರಿ 5ರವರೆಗೆ ಸಂತನ ಪಾರ್ಥಿವ ಅವಶೇಷ ಹತ್ತು ವರ್ಷಕ್ಕೊಮ್ಮೆ ದರ್ಶನಕ್ಕೆ ಇಡುವ ಕಾಲವಾದ್ದರಿಂದ ಹಳೆ ಗೋವಾದಲ್ಲಿ ಲಕ್ಷಗಟ್ಟಲೆ ಜನ ಸೇರಿದ್ದರು.

ಭಯದ ಮಾತನ್ನು ಬಿಟ್ಟು ಮುಂದೆ ಹೋಗುವುದು ಪ್ರಾಮಾಣಿಕತೆಯಲ್ಲ. 1999ರ ಜನವರಿ 22ರ ರಾತ್ರಿ ಒಡಿಶಾದ ಮನೋಹರಪುರದಲ್ಲಿ, ಬಾರಿಪದಾದಲ್ಲಿ ಕುಷ್ಠರೋಗಿಗಳ ಸೇವೆ ಮಾಡುತ್ತಿದ್ದ ಆಸ್ಟ್ರೇಲಿಯಾದ ಗ್ರಹಾಂ ಸ್ಟೇನ್ಸ್ ತಮ್ಮ ಇಬ್ಬರು ಎಳೆಯ ಗಂಡುಮಕ್ಕಳೊಂದಿಗೆ ಸ್ಟೇಷನ್ ವ್ಯಾಗನ್ ಗಾಡಿಯಲ್ಲಿ ಮಲಗಿದ್ದರು. ಗುಂಪೊಂದು ಬಂದು ಬೆಂಕಿ ಹಚ್ಚಿತು. ಮೂವರೂ ಸುಟ್ಟುಹೋದರು. ಹೆಂಡತಿ ಗ್ಲಾಡಿಸ್ ಕೊಂದವರನ್ನು ಕ್ಷಮಿಸಿದ್ದೇನೆ ಎಂದರು, ಮಗಳೊಂದಿಗೆ ಅಲ್ಲೇ ಉಳಿದು ಕುಷ್ಠಾಶ್ರಮದ ಕೆಲಸ ಮುಂದುವರಿಸಿದರು. 2005ರಲ್ಲಿ ಭಾರತ ಸರ್ಕಾರ ಅವರಿಗೆ ಪದ್ಮಶ್ರೀ ಕೊಟ್ಟಿತು. ಗಾಡಿಯಲ್ಲಿ ಮಲಗುವ ಪ್ರತಿ ಕ್ರೈಸ್ತ ಸಂಸಾರದ ಬೆನ್ನಿಗೆ ಈ ರಾತ್ರಿಯ ನೆನಪಿದೆ. ಅದಕ್ಕೇ ಹೇಳುವುದು: ಕತ್ತಲಾದ ಮೇಲೆ ಗೊತ್ತಿಲ್ಲದ ಊರಿನ ಹೊರಗೆ ಒಂಟಿಯಾಗಿ ನಿಲ್ಲಬಾರದು. ಬೆಳಕಿರುವಾಗಲೇ ಊರು ಸೇರಿ, ಪಂಚಾಯಿತಿ ಸದಸ್ಯರನ್ನೋ ಪೊಲೀಸ್ ಠಾಣೆಯನ್ನೋ ಕಂಡು, ನಾವು ಇಂಥವರು, ಇಂದು ರಾತ್ರಿ ಇಲ್ಲಿರುತ್ತೇವೆ ಎಂದು ತಿಳಿಸಬೇಕು. ಹೇಳಿ ನಿಂತವರನ್ನು ಊರು ಕಾಯುತ್ತದೆ.

ಮತಾಂತರದ ಅನುಮಾನವನ್ನೂ ನೇರವಾಗಿ ಎದುರಿಸಬೇಕು. ಕರ್ನಾಟಕದ ಮತಾಂತರ ತಡೆ ಮಸೂದೆಗೆ 2021ರ ಡಿಸೆಂಬರಿನಲ್ಲಿ ವಿಧಾನಸಭೆ ಒಪ್ಪಿಗೆ ಕೊಟ್ಟದ್ದು ನಮ್ಮ ಬೆಳಗಾವಿಯ ಸುವರ್ಣಸೌಧದಲ್ಲೇ. 2022ರಲ್ಲಿ ಅದು ಕಾಯ್ದೆಯಾಯಿತು, 2023ರ ಜೂನ್‌ನಲ್ಲಿ ಹೊಸ ಸಚಿವ ಸಂಪುಟ ಅದನ್ನು ರದ್ದು ಮಾಡುವ ತೀರ್ಮಾನ ಕೈಗೊಂಡಿತು. ಪ್ರವಾಸಿ ವೀಸಾದಲ್ಲಿ ಬಂದ ವಿದೇಶಿಯರು ಧರ್ಮಪ್ರಚಾರ ಮಾಡುವಂತಿಲ್ಲ, ಅದಕ್ಕೆ ಬೇರೆಯೇ ವೀಸಾ. ವಿದೇಶಿಯರಿಗೆ ವಸತಿ ಕೊಟ್ಟವರು, ಇಗರ್ಜಿಯಾದರೂ ಸರಿ, 24 ಗಂಟೆಯೊಳಗೆ ಅವರ ವಿವರವನ್ನು ಅಧಿಕಾರಿಗಳಿಗೆ ಸಲ್ಲಿಸಬೇಕು. ಕಾಯ್ದೆಯ ಮಾತು ಹಾಗಿರಲಿ, ನನ್ನ ಮಟ್ಟಿಗೆ ಹೇಳುವುದಾದರೆ, ಗಾಡಿಯಲ್ಲಿ ಬಂದವರು ಅತಿಥಿಗಳು. ಅತಿಥಿಯ ನಂಬಿಕೆ ಅವನ ನಡತೆಯಲ್ಲಿ ಕಂಡರೆ ಸಾಕು. ಬಾವಿಯ ನೀರು ಎತ್ತಿಕೊಟ್ಟ ಅಜ್ಜಿಗೆ ಪುಸ್ತಕ ಕೊಡುವ ಮೊದಲು ಅವಳ ಕೊಡ ಹೊತ್ತು ಮನೆ ಮುಟ್ಟಿಸಬೇಕು. ಅವಳು ತಾನಾಗಿ ಕೇಳಿದರೆ ಉತ್ತರ ಹೇಳುವ ಹಕ್ಕು ಸಂವಿಧಾನದ 25ನೇ ವಿಧಿಯಲ್ಲಿದೆ, ಯಾರೂ ಕಸಿಯಲಾಗದು.

ಚಲಿಸುವ ಮನೆ ತನ್ನ ಕಾಲ ಮೇಲೆ ತಾನು ನಿಂತಿದೆ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಐದು ದಿನಕ್ಕೊಮ್ಮೆ ಅದಕ್ಕೆ ಯಾರದೋ ನಲ್ಲಿ ಬೇಕು, ರಾತ್ರಿಗೊಮ್ಮೆ ಯಾರದೋ ಬಯಲು ಬೇಕು. ನಿಂತ ಊರಿನ ಔದಾರ್ಯವಿಲ್ಲದೆ ಗಾಲಿ ತಿರುಗದು. ಆ ಔದಾರ್ಯ ನಮ್ಮ ಸೀಮೆಗೆ ರೂಢಿಯಲ್ಲೇ ಇದೆ. ಖಾನಾಪುರದ ಕಾಡಂಚಿನ ಹಳ್ಳಿಗಳಿಗೆ ಸಂಜೆ ಬರುವ ವಸ್ತಿ ಬಸ್ಸನ್ನು ನೋಡಿ. ಚಾಲಕ, ನಿರ್ವಾಹಕ ಇಬ್ಬರೂ ಬಸ್ಸಿನಲ್ಲೇ ಮಲಗುತ್ತಾರೆ. ಯಾವುದೋ ಮನೆಯಿಂದ ಬಿಸಿ ರೊಟ್ಟಿ ಬರುತ್ತದೆ, ಬೆಳಿಗ್ಗೆ ಮುಖ ತೊಳೆಯಲು ನೀರು ಬರುತ್ತದೆ. ಸವದತ್ತಿ ಎಲ್ಲಮ್ಮನ ಜಾತ್ರೆಗೆ ಚಕ್ಕಡಿ ಹೂಡಿಕೊಂಡು ಹೊರಟ ಸಂಸಾರಗಳು ದಾರಿಯಲ್ಲಿ ಯಾರದೋ ಹೊಲದ ಬದುವಿನಲ್ಲಿ ಒಲೆ ಹೂಡಿದರೆ ಬೇಡ ಎನ್ನುವ ರೈತನಿಲ್ಲ. ಕುರಿ ಹಿಂಡಿನೊಡನೆ ಬರುವ ಕುರುಬರು, ಧನಗರರನ್ನು ಊರಿನವರೇ ಕರೆದು ಹೊಲದಲ್ಲಿ ಕುರಿ ತರುಬಿಸುತ್ತಾರೆ. ಗೊಬ್ಬರ ಹೊಲಕ್ಕೆ, ಕಾಳು ಕುರಿಗಾರರಿಗೆ.

ಒಂದು ಕಡೆ ಮಾತ್ರ ನಾವು ಸೋತಿದ್ದೇವೆ. ರಾಜ್ಯದಲ್ಲೇ ಅತಿ ಹೆಚ್ಚು ಸಕ್ಕರೆ ಕಾರ್ಖಾನೆಗಳಿರುವ ಜಿಲ್ಲೆ ನಮ್ಮದು. ಮಹಾರಾಷ್ಟ್ರದ ಬೀಡ ಕಡೆಯಿಂದ ಕಬ್ಬು ಕಡಿಯಲು ಬರುವವರನ್ನು ಕೂಲಿ ಗುತ್ತಿಗೆಯ ಮುಕಾದಮ ಗೊತ್ತುಮಾಡುವುದೇ ಜೋಡಿ ಲೆಕ್ಕದಲ್ಲಿ: ಗಂಡ ಹೆಂಡತಿ ಸೇರಿ ಒಂದು ಕೊಯ್ತಾ. ಕಬ್ಬಿನ ಹಂಗಾಮು ಮುಗಿಯುವವರೆಗೆ ಅವರ ಸಂಸಾರ ಬಂಡಿ, ಟ್ರ್ಯಾಕ್ಟರ್ ಮತ್ತು ಕೊಪ್ಪೆ ಗುಡಿಸಲಿನಲ್ಲಿ. ಶೌಚಾಲಯವಿಲ್ಲ, ಮಕ್ಕಳಿಗೆ ಶಾಲೆಯಿಲ್ಲ. ಬೇಕೆಂದೇ ಬಸ್ಸು ಹತ್ತಿದ ಜೋಡಿಗೂ ಗತಿಯಿಲ್ಲದೆ ಬಂಡಿ ಹತ್ತಿದ ಜೋಡಿಗೂ ಬೇಕಾದದ್ದು ಒಂದೇ ನೀರು, ಒಂದೇ ನೆರಳು. ತಿರುಗಾಡುವ ಕ್ರೈಸ್ತ ದಂಪತಿ ಬೆಳಗಾವಿಗೆ ಬಂದರೆ ನಾನು ಮೊದಲು ತೋರಿಸುವುದು ಆ ಕೊಪ್ಪೆಗಳನ್ನು. ವಾರಕ್ಕೊಮ್ಮೆ ಅಲ್ಲಿನ ಮಕ್ಕಳಿಗೆ ಒಂದು ತಾಸು ಅಕ್ಷರ ಹೇಳಿಕೊಟ್ಟರೂ ಹಳೆಯ ಗುಡಾರದ ‘ಶ್ರೀಮತಿ’ಯರ ಕೆಲಸ ಮುಂದುವರಿದಂತೆ.

ರಾಜ್ಯದ ಪ್ರವಾಸೋದ್ಯಮ ನೀತಿಯಲ್ಲಿ ಕ್ಯಾರವಾನ್ ಪ್ರವಾಸಕ್ಕೆ ಜಾಗ ಸಿಕ್ಕಿದೆ. ಬೆಂಗಳೂರಿನ ಮೆಜೆಸ್ಟಿಕ್‌ನಲ್ಲಿ 2020ರಲ್ಲಿ ಕೆಎಸ್‌ಆರ್‌ಟಿಸಿ ಹಳೆಯ ಬಸ್ಸೊಂದನ್ನು ಮಹಿಳೆಯರ ಶೌಚಾಲಯವಾಗಿ ಮಾಡಿ ನಿಲ್ಲಿಸಿತು. ಹುಬ್ಬಳ್ಳಿಯಲ್ಲಿ ಕೇಂದ್ರ ಕಚೇರಿ ಇರುವ ನಮ್ಮ ವಾಯವ್ಯ ಸಾರಿಗೆ ಸಂಸ್ಥೆಗೂ ಗುಜರಿಗೆ ಹೋಗುವ ಬಸ್ಸುಗಳಿವೆ. ಬೆಳಗಾವಿ ಮಹಾನಗರ ಪಾಲಿಕೆ ಸಾಂಬ್ರಾ ರಸ್ತೆಯಲ್ಲಿ ಒಂದು ಬಯಲು, ಖಾನಾಪುರ ಪಟ್ಟಣ ಪಂಚಾಯಿತಿ ಗೋವಾ ರಸ್ತೆಯಲ್ಲಿ ಒಂದು ಬಯಲು ಗುರುತಿಸಲಿ. ಒಂದು ದೀಪ, ಒಂದು ನಲ್ಲಿ, ಹಳೆ ಬಸ್ಸಿನಲ್ಲಿ ಮಾಡಿದ ಒಂದು ಶೌಚಾಲಯ, ಮೂರು ರಾತ್ರಿಗಿಂತ ಹೆಚ್ಚು ನಿಲ್ಲಬಾರದೆಂಬ ಒಂದು ಫಲಕ. ಇಗರ್ಜಿ, ಮಠ, ದರ್ಗಾಗಳ ಅಂಗಳದಲ್ಲಿ ಜಾಗವಿದ್ದವರು ಇಷ್ಟನ್ನೇ ತಾವೂ ಮಾಡಬಹುದು. ಯಾವ ಧರ್ಮದವರೆಂದು ಕೇಳದೆ, ಬಸ್ಸೋ ಬಂಡಿಯೋ ಎಂದು ನೋಡದೆ ಎಲ್ಲರನ್ನೂ ಬಿಟ್ಟುಕೊಳ್ಳಬೇಕು. ದೀಪಾವಳಿಯ ಹೊತ್ತಿಗೆ ಕಬ್ಬಿನ ಜೋಡಿಗಳು ಬಂದಿಳಿಯುತ್ತವೆ. ಪಾಲಿಕೆಯ ಸದಸ್ಯರೇ, ಪಾದ್ರಿಗಳೇ, ಅಷ್ಟರೊಳಗೆ ಆ ನಲ್ಲಿಯನ್ನಾದರೂ ಹಾಕಿಸಿ.